ಯಾವ ಕಡೆಯವರು?

ಸಾಸ್ತೂರ, ಉಮರಗಾ, ನಿಲಂಗಾ, ಉದಗೀರದ ಸೀಮೆಯಲ್ಲಿ ಎಸ್.ಟಿ. ಬಸ್ಸಿನೊಳಗೆ ಹೊಸಬರೊಬ್ಬರು ಪಕ್ಕದಲ್ಲಿ ಬಂದು ಕುಳಿತರೆ ನಮ್ಮ ಹಿರಿಯರು ಹೆಸರು ಕೇಳುವ ಮೊದಲೇ ಕೇಳುವ ಮಾತು ಒಂದಿದೆ: “ಯಾ ಕಡಿಯವ್ರು ರೀ ನೀವು?” ಊರಿನ ಹೆಸರು ಹೇಳಿದರೆ ಮುಂದಿನದೆಲ್ಲ ಸಲೀಸು. ಆ ಊರಿನ ಯಾವ ಮನೆಯ ಹೆಣ್ಣು ನಮ್ಮ ಊರಿಗೆ ಬಂದಿದ್ದಾಳೆ, ಈ ಸಲ ತೊಗರಿ ಹೇಗಿದೆ, ಸೋಯಾಬೀನಿಗೆ ಏನು ದರ ಸಿಕ್ಕಿತು ಎಂದು ಮಾತು ಬೆಳೆಯುತ್ತದೆ. ಇದೇ ಪ್ರಶ್ನೆಯನ್ನು ಜಾತ್ರೆಯ ಕುಸ್ತಿ ಫಡದಲ್ಲಿ ಕೇಳಿದರೆ ಅರ್ಥ ಬೇರೆ. ಹಲಗಿಯ ಸದ್ದಿನ ನಡುವೆ “ನೀ ಯಾ ಕಡಿ?” ಎಂದರೆ, ಕಣದಲ್ಲಿ ನಿಂತಿರುವ ಇಬ್ಬರು ಪೈಲವಾನರಲ್ಲಿ ನೀನು ಯಾರ ಕಡೆ ಎಂದು. ಹುಟ್ಟಿದ ಸೀಮೆಗೂ ಹಿಡಿದ ಪಕ್ಷಕ್ಕೂ ಕನ್ನಡದಲ್ಲಿ ಒಂದೇ ಪದ. ಮೊದಲನೆಯ ಕಡೆ ನಾವು ಆರಿಸಿಕೊಂಡದ್ದಲ್ಲ. ಎರಡನೆಯದನ್ನು ಆರಿಸಿಕೊಳ್ಳಬಹುದು, ಕುಸ್ತಿ ಅರ್ಧ ಆದಮೇಲೆ ಬದಲಿಸಲೂಬಹುದು. ಹಾಗೆ ಬದಲಿಸಿ ಬೈಸಿಕೊಂಡವರೂ ಇದ್ದಾರೆ.

ಈ ಸಂಚಿಕೆಯಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಈ ಎರಡು ಕಡೆಗಳ ನಡುವಿನದು. ದುಡಿಮೆಗಾಗಿ ಬೇರೆ ದೇಶಕ್ಕೆ ಹೋದವನು ರಜೆಯ ದಿನ ಅಲ್ಲಿಯ ಫುಟ್‌ಬಾಲ್ ಪಂದ್ಯ ನೋಡಲು ಹೋಗುತ್ತಾನೆ. ಸುತ್ತ ಕುಳಿತವರು ಕೂಗುತ್ತಾರೆ, ಇವನೂ ಕೂಗುತ್ತಾನೆ. ಹತ್ತು ಪಂದ್ಯ ಕಳೆಯುವಷ್ಟರಲ್ಲಿ ಆಟಗಾರರ ಹೆಸರು ಬಾಯಿಗೆ ಬರುತ್ತದೆ, ಆ ತಂಡ ಸೋತ ರಾತ್ರಿ ಊಟ ಸೇರುವುದಿಲ್ಲ. ಅವನ ಈ ಅಭಿಮಾನ ನಿಜವಾದದ್ದೇ? ಅದರಿಂದ ಅವನು ತನ್ನ ಊರಿಗೆ ಸ್ವಲ್ಪ ಕಡಿಮೆಯವನಾದನೇ? ಆಟದ ಮಾತು, ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳುವವರು ಕೇಳಬಹುದು. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಕಲಿತು, ಭಾನುವಾರ ಮೂರು ಭಾಷೆಯ ಬಲಿಪೂಜೆಗಳ ವೇಳಾಪಟ್ಟಿಯಲ್ಲಿ ನಮ್ಮದು ಯಾವುದೆಂದು ಹುಡುಕಿಕೊಂಡು ಬರುವ ನಮಗೆ ಇದು ಬರೀ ಆಟದ ಮಾತಲ್ಲ.

ನಮ್ಮ ಸೀಮೆಯ ಕಥೆಯನ್ನೇ ನೋಡಿ. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿ ಬೀದರ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂತು, ಈ ಮೂರು ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾಯಿತು. ಅಜ್ಜಿ ಕುಳಿತ ಕಟ್ಟೆಯಿಂದ ಎದ್ದಿರಲಿಲ್ಲ, ಅವಳ ಜಿಲ್ಲೆಯೂ ರಾಜ್ಯವೂ ಬದಲಾಗಿದ್ದವು. ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿದ ದಿನವನ್ನು ಗಡಿಯ ಎರಡೂ ಬದಿಯಲ್ಲಿ ಆಚರಿಸುತ್ತಾರೆ. ಆಚೆ ಒಂದು ಹೆಸರು, ಈಚೆ ಇನ್ನೊಂದು. ಹೀಗೆ ಕಡೆ ಎಂಬುದು ಕಾಲಡಿಯಲ್ಲೇ ಸರಿಯಬಲ್ಲದ್ದು ಎಂದು ಕಂಡ ಜನ ನಾವು. ಆದರೂ ಬೇರೆಯವರ ಕಡೆಯನ್ನು ಪರೀಕ್ಷಿಸುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ.

ಈ ಪರೀಕ್ಷೆ ಲೋಕದ ಕಣ್ಣೆದುರಿಗೇ ನಡೆದದ್ದು 2022ರ ನವೆಂಬರ್‌ನಲ್ಲಿ, ಕತಾರಿನ ದೋಹಾದಲ್ಲಿ. ವಿಶ್ವಕಪ್ ಫುಟ್‌ಬಾಲ್ ಶುರುವಾಗುವ ಕೆಲವು ದಿನ ಮೊದಲು ಅಲ್ಲಿಯ ಸಮುದ್ರದಂಡೆಯ ರಸ್ತೆಯಲ್ಲಿ ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ತಂಡಗಳ ಅಂಗಿ ತೊಟ್ಟವರು ಡೋಲು ಬಡಿಯುತ್ತ ಮೆರವಣಿಗೆ ಹೋದರು. ಬಹಳ ಮಂದಿ ಭಾರತೀಯರು, ಅದರಲ್ಲೂ ಮಲಯಾಳಿಗಳು. ಆ ಚಿತ್ರಗಳನ್ನು ನೋಡಿದ ಯುರೋಪಿನ ಹಲವರು ಇವರು ನಕಲಿ ಅಭಿಮಾನಿಗಳು, ದುಡ್ಡು ಕೊಟ್ಟು ನಿಲ್ಲಿಸಿದವರು ಎಂದರು. ಇಂಗ್ಲೆಂಡಿನ ಅಂಗಿಯೊಳಗೆ ಇಂಗ್ಲಿಷರ ಮುಖ ಇರಲಿಲ್ಲವಲ್ಲ! ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಜಿಯಾನಿ ಇನ್ಫಾಂಟಿನೊ ಉದ್ಘಾಟನೆಯ ಹಿಂದಿನ ದಿನ ಈ ಮಾತಿಗೆ ಸಿಟ್ಟಾಗಿ, ಭಾರತೀಯನಂತೆ ಕಾಣುವವನು ಇಂಗ್ಲೆಂಡಿಗೆ ಕೂಗಬಾರದೆಂದರೆ ಅದು ಜನಾಂಗಭೇದವೇ ಎಂಬರ್ಥದಲ್ಲಿ ಉತ್ತರಿಸಿದರು. ಆ ದಿನದ ಅವರ ಉಳಿದ ಮಾತುಗಳನ್ನು ನಾವು ಒಪ್ಪಬೇಕಾಗಿಲ್ಲ. ಈ ಒಂದು ಮಾತು ಸರಿಯಾಗಿತ್ತು.

ಮಲಯಾಳಿಗಳನ್ನು ಬಲ್ಲವರಿಗೆ ಈ ಅನುಮಾನ ನಗೆ ಬರಿಸುವಂಥದ್ದು. ಅದೇ ದಿನಗಳಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಪುಲ್ಲಾವೂರಿನ ಜನ ಹೊಳೆಯ ನಡುವೆ ಮೆಸ್ಸಿಯ ಕಟೌಟ್ ನಿಲ್ಲಿಸಿದ್ದರು, ಪಕ್ಕದಲ್ಲೇ ಬ್ರೆಜಿಲ್ ಅಭಿಮಾನಿಗಳು ನೇಮಾರನದನ್ನು ಇನ್ನೂ ಎತ್ತರಕ್ಕೆ ಎತ್ತಿದ್ದರು. ಅಪ್ಪನಿಂದ ಮಗನಿಗೆ ಇಳಿದು ಬಂದ ಅಭಿಮಾನ ಅದು. ಅರ್ಜೆಂಟೀನಾವನ್ನು ಅವರು ಕಣ್ಣಾರೆ ಕಂಡಿಲ್ಲ. ಕಾಣದ್ದನ್ನು ಪ್ರೀತಿಸುವುದು ಸಾಧ್ಯವಿಲ್ಲವೆಂದು ಕ್ರೈಸ್ತರಾದ ನಾವಂತೂ ಹೇಳುವಂತಿಲ್ಲ.

ಇನ್ನೊಂದು ಬದಿಯನ್ನೂ ನೋಡಬೇಕು. ನವೆಂಬರ್ 20ರ ಮೊದಲ ಪಂದ್ಯದಲ್ಲಿ ಕತಾರ್ ತಂಡ ಈಕ್ವೆಡಾರ್ ವಿರುದ್ಧ 0-2ರಿಂದ ಸೋತಿತು. ಆತಿಥೇಯ ದೇಶವೊಂದು ತನ್ನ ಮೊದಲ ಪಂದ್ಯದಲ್ಲೇ ಸೋತದ್ದು ವಿಶ್ವಕಪ್ ಇತಿಹಾಸದಲ್ಲಿ ಅದೇ ಮೊದಲು. ಆಟ ಮುಗಿಯುವ ಮುಂಚೆಯೇ ಸ್ಥಳೀಯರು ಎಷ್ಟೋ ಮಂದಿ ಎದ್ದು ಹೋದರು, ಆಸನಗಳು ಖಾಲಿಯಾದವು. ಗೋಲಿನ ಹಿಂದಿನ ಸಾಲುಗಳಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟು ಕೊನೆಯವರೆಗೂ ಕೂಗುತ್ತಿದ್ದವರು ಇದ್ದರು. ಅವರಲ್ಲಿ ಬಹುಪಾಲು ಲೆಬನಾನ್ ಮೊದಲಾದ ದೇಶಗಳಿಂದ ಅದಕ್ಕಾಗಿಯೇ ಕರೆಸಿದವರು ಎಂದು ಆಮೇಲೆ ವರದಿಯಾಯಿತು. ಈಗ ಹೇಳಿ, ನಕಲಿ ಯಾರು? ಹುಟ್ಟಿನಿಂದ ಆ ಕಡೆಯವನಾಗಿ ಸೋಲು ಕಂಡ ಕೂಡಲೆ ಎದ್ದು ಹೋದವನೇ? ಕರೆದದ್ದಕ್ಕೆ ಬಂದರೂ ಕೊನೆಯವರೆಗೆ ನಿಂತವನೇ? ವಾರಕ್ಕೊಂದೇ ಸಿಗುವ ಶುಕ್ರವಾರದ ರಜೆಯನ್ನು ಬಿಸಿಲಿನ ರಸ್ತೆಯಲ್ಲಿ ಕಳೆದ ಮಲಯಾಳಿ ಚಾಲಕನೇ? ದುಡ್ಡಿಗೆ ಕೂಗುವವನ ಧ್ವನಿಯನ್ನು ನಾವು ಪೂರ್ತಿ ನಿಜ ಎನ್ನಲಾರೆವು. ಆದರೆ ಮುಖ ನೋಡಿ, ಹುಟ್ಟಿದ ಊರು ಕೇಳಿ ಅಭಿಮಾನವನ್ನು ಅಳೆಯುವುದು ಸುಳ್ಳು ಅಳತೆ ಎಂಬುದಂತೂ ಆ ಒಂದು ಸಂಜೆ ತೋರಿಸಿಕೊಟ್ಟಿತು.

ಮನಸ್ಸು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ನಮಗೆ ತೋಚುವ ಗುರುತು ಒಂದಿದೆ: ಸೋಲು ನಿಮ್ಮದಾಗುತ್ತದೆಯೇ ಇಲ್ಲವೇ. ಗೆದ್ದವರ ಮೆರವಣಿಗೆಗೆ ಸೇರುವುದಕ್ಕೆ ಯಾರೂ ಕಡೆಯವರಾಗಬೇಕಿಲ್ಲ, ಅಲ್ಲಿ ದಾರಿಹೋಕನೂ ಕುಣಿಯುತ್ತಾನೆ. ಸೋತ ದಿನ ಸುಮ್ಮನೆ ಕುಳಿತವನ ಪಕ್ಕ ಹೋಗಿ ಸುಮ್ಮನೆ ಕುಳಿತುಕೊಳ್ಳುವವನು ಆ ಕಡೆಯವನಾಗಿ ಬಿಟ್ಟಿರುತ್ತಾನೆ, ಅವನ ಕಾಗದಪತ್ರ ಏನೇ ಹೇಳಲಿ.

ಹಿರಿಯರ ಆತಂಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. “ನಮ್ಮ ಹುಡುಗ ಅಲ್ಲಿ ಅವರ ಬಾವುಟ ಹಿಡಿದು ಕುಣಿದರ ನಾಳೆ ನಮ್ಮಂವ ಆಗಿ ಉಳದಾನೇನು?” ಎಂದು ಅವರು ಕೇಳುತ್ತಾರೆ. ಪರವೂರಿಗೆ ಹೋದ ಮೊಮ್ಮಕ್ಕಳು ಕನ್ನಡದಲ್ಲಿ ಎರಡು ವಾಕ್ಯ ಆಡಲು ತಡವರಿಸುವುದನ್ನು ಕಂಡವರು ಅವರು. ಮರಾಠಿ ಶಾಲೆಗೆ ಹೋದ ನಮ್ಮ ಮಕ್ಕಳೇ ಜಪಮಾಲೆಯನ್ನು ಮರಾಠಿಯಲ್ಲಿ ಹೇಳುವಾಗ ಸರಾಗ, ಕನ್ನಡದಲ್ಲಿ ಹೇಳುವಾಗ ನಿಧಾನ. ಸ್ವಲ್ಪ ಸ್ವಲ್ಪವಾಗಿಯೇ ಎಲ್ಲವೂ ಹೋಗುವುದು. ಆ ಭಯಕ್ಕೆ ಕಾರಣವಿದೆ. ಆದರೆ ಹೋಗುವುದು ಎಲ್ಲಿಂದ ಎಂದು ನೋಡಬೇಕು. ಮನೆಯಲ್ಲಿ ಮಾತು ನಿಂತದ್ದರಿಂದ ಭಾಷೆ ಹೋಗಿರುತ್ತದೆ, ನಾವು ಮೈದಾನದತ್ತ ಬೆರಳು ತೋರಿಸುತ್ತೇವೆ.

ವಲಸೆ ಬಂದವರ ಮನೆಯೊಂದು ಹೊಸ ಊರಿನ ತಂಡವನ್ನು ತನ್ನದು ಮಾಡಿಕೊಂಡ ಉದಾಹರಣೆ ಕಥೋಲಿಕರಿಗೆಲ್ಲ ಪರಿಚಿತವಾದದ್ದು, ಆದರೂ ಆ ದೃಷ್ಟಿಯಿಂದ ನಾವು ನೋಡಿರುವುದು ಕಡಿಮೆ. ಮಾರಿಯೊ ಬೆರ್ಗೋಲಿಯೊ ಎಂಬ ಯುವಕ ಇಟಲಿಯ ಪಿಯೆಮೊಂಟೆಯಿಂದ 1929ರಲ್ಲಿ ಅರ್ಜೆಂಟೀನಾಕ್ಕೆ ಬಂದ. ಬ್ಯೂನಸ್ ಐರಿಸ್‌ನಲ್ಲಿ ನೆಲೆಸಿ, ಸಾನ್ ಲೊರೆಂಜೊ ಎಂಬ ಕ್ಲಬ್ಬಿಗೆ ಬಾಸ್ಕೆಟ್‌ಬಾಲ್ ಆಡಿದ. ಆ ಕ್ಲಬ್ಬು ಹುಟ್ಟಿದ ಬಗೆಯೂ ಸೊಗಸಾಗಿದೆ. ಬೀದಿಯಲ್ಲಿ ಚೆಂಡು ಒದೆಯುತ್ತಿದ್ದ ಹುಡುಗರು ವಾಹನಕ್ಕೆ ಸಿಕ್ಕಾರು ಎಂದು ಸಲೇಷಿಯನ್ ಧರ್ಮಗುರು ಲೊರೆಂಜೊ ಮಾಸ್ಸಾ ಅವರಿಗೆ ಗುಡಿಯ ಅಂಗಳ ಬಿಟ್ಟುಕೊಟ್ಟರು. 1908ರಲ್ಲಿ ಆ ಹುಡುಗರಿಂದಲೇ ಕ್ಲಬ್ಬು ಆಯಿತು. ಮಾರಿಯೊ ತನ್ನ ಮಕ್ಕಳನ್ನು ಆ ಕ್ಲಬ್ಬಿನ ಪಂದ್ಯಗಳಿಗೆ ಕರೆದೊಯ್ಯುತ್ತಿದ್ದ. 1946ರಲ್ಲಿ ಅದು ಲೀಗ್ ಗೆದ್ದಾಗ ಹಿರಿಯ ಮಗನಿಗೆ ಇನ್ನೂ ಹತ್ತು ತುಂಬಿರಲಿಲ್ಲ. ಆ ತಂಡದ ಆಟವನ್ನು ಅವನು ಮುದುಕನಾದ ಮೇಲೂ ನೆನೆಯುತ್ತಿದ್ದ. ಆ ಮಗನೇ ಜಗದ್ಗುರು ಫ್ರಾನ್ಸಿಸ್.

ಆ ಮನೆಯಲ್ಲಿ ಅಜ್ಜಿ ಪಿಯೆಮೊಂಟೆಯ ಮಾತು ಬಿಟ್ಟಿರಲಿಲ್ಲ, ಮೊಮ್ಮಗ ಅದನ್ನು ಅವಳಿಂದಲೇ ಕಲಿತ. ಹೊರಗೆ ಅವನು ಆ ಬಡಾವಣೆಯ ಹುಡುಗ. ಎರಡೂ ಒಂದೇ ಮೈಯಲ್ಲಿ ಇದ್ದವು. 2013ರಲ್ಲಿ ರೋಮಿಗೆ ಹೋದ ಮೇಲೆ ಅವರು ಮತ್ತೆ ಅರ್ಜೆಂಟೀನಾವನ್ನು ಕಾಣಲಿಲ್ಲ; 2025ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಸಾನ್ ಲೊರೆಂಜೊದ ಸದಸ್ಯರಾಗಿಯೇ ಇದ್ದರು. 1990ರಲ್ಲಿ ಮಾಡಿದ ಹರಕೆಯಿಂದಾಗಿ ಟಿ.ವಿ. ನೋಡುತ್ತಿರಲಿಲ್ಲವಾದ್ದರಿಂದ ಪಂದ್ಯದ ಫಲಿತಾಂಶವನ್ನು ಸ್ವಿಸ್ ಕಾವಲುಗಾರನೊಬ್ಬ ಬಂದು ತಿಳಿಸುತ್ತಿದ್ದನಂತೆ. ತಂದೆ ಪರದೇಶಕ್ಕೆ ಬಂದು ಹಿಡಿದ ಕಡೆ ಮಗನಿಗೆ ಹುಟ್ಟೂರಿನ ನೆನಪಾಯಿತು. ಒಂದು ತಲೆಮಾರು ಆರಿಸಿಕೊಂಡದ್ದನ್ನು ಮುಂದಿನದು ಹುಟ್ಟಿನಿಂದ ಬಂದದ್ದು ಎಂದುಕೊಳ್ಳುತ್ತದೆ. ನಾವು ‘ಮೂಲ’ ಎಂದು ಗಟ್ಟಿಯಾಗಿ ಹೇಳುವ ಎಷ್ಟು ಸಂಗತಿಗಳು ಹೀಗೆ ಯಾರೋ ಮುತ್ತಜ್ಜ ಒಂದು ದಿನ ಆರಿಸಿಕೊಂಡವುಗಳೋ!

ಹಾಗೆಂದು ಕಡೆ ಹಿಡಿಯುವುದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಥೆ ಇಲ್ಲಿ ಬೇಕು, ಅದು ನಮ್ಮವರದೇ ಕಥೆಯಾದ್ದರಿಂದ ಇನ್ನಷ್ಟು ಬೇಕು. ಬ್ರದರ್ ವಾಲ್‌ಫ್ರಿಡ್ ಎಂಬ ಐರಿಷ್ ಮಾರಿಸ್ಟ್ ಸಹೋದರ 1887ರ ನವೆಂಬರ್‌ನಲ್ಲಿ ಅಲ್ಲಿಯ ಸಂತ ಮರಿಯಮ್ಮನವರ ಧರ್ಮಕೇಂದ್ರದ ಸಭಾಂಗಣದಲ್ಲಿ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ ಕಟ್ಟಿದರು. ಬಡ ಮಕ್ಕಳ ಊಟಕ್ಕೆ ಹಣ ಕೂಡಿಸುವುದು ಉದ್ದೇಶ. ಐರ್ಲೆಂಡಿನ ಬರಗಾಲದಿಂದ ಓಡಿಬಂದ ಕಥೋಲಿಕರಿಗೆ ಆ ತಂಡವೇ ಪರನಾಡಿನಲ್ಲಿ ತಲೆ ಎತ್ತಿ ನಡೆಯುವ ಕಾರಣವಾಯಿತು. 1888ರ ಮೇ ತಿಂಗಳಲ್ಲಿ ಸೆಲ್ಟಿಕ್ ತನ್ನ ಮೊದಲ ಪಂದ್ಯದಲ್ಲಿ ರೇಂಜರ್ಸ್ ತಂಡವನ್ನು 5-2ರಿಂದ ಸೋಲಿಸಿತು. ಮುಂದೆ ರೇಂಜರ್ಸ್ ಪ್ರಾಟೆಸ್ಟೆಂಟರ ತಂಡವಾಗಿ ಬೆಳೆಯಿತು. ದಶಕಗಳ ಕಾಲ ಕಥೋಲಿಕನೆಂದು ಗೊತ್ತಿದ್ದವನನ್ನು ಅದು ಸೇರಿಸಿಕೊಳ್ಳಲಿಲ್ಲ. 1989ರಲ್ಲಿ ಮೋ ಜಾನ್‌ಸ್ಟನ್ ಎಂಬ ಕಥೋಲಿಕ ಆಟಗಾರ ರೇಂಜರ್ಸ್ ಸೇರಿದಾಗ ಆ ಕಡೆಯ ಕೆಲವರು ತಮ್ಮ ತಂಡದ ಶಾಲುಗಳನ್ನೇ ಸುಟ್ಟರು. ಅವನು ಹಿಂದೆ ಆಡಿದ್ದ ಸೆಲ್ಟಿಕ್ ಕಡೆಯವರು ಅವನನ್ನು ದ್ರೋಹಿ ಎಂದರು. ಎರಡೂ ಕಡೆ ದೇವರ ಹೆಸರು ಹೇಳಿ ಬೈಯುವ ಹಾಡುಗಳಿದ್ದವು. ಮಕ್ಕಳ ಊಟಕ್ಕೆಂದು ಶುರುವಾದದ್ದು ಅಲ್ಲಿಗೆ ಬಂದು ನಿಂತಿತು ಎಂದರೆ ಬೇಸರವಾಗುತ್ತದೆ. ಅದೇ ಸೆಲ್ಟಿಕ್ 1936ರಲ್ಲಿ ಕಲ್ಕತ್ತೆಯ ಮೊಹಮ್ಮದ್ ಸಲೀಮನಿಗೆ ಬರಿಗಾಲಿನಲ್ಲಿ, ಬ್ಯಾಂಡೇಜು ಸುತ್ತಿಕೊಂಡು ಎರಡು ಪಂದ್ಯ ಆಡಲು ಬಿಟ್ಟಿತ್ತು, ಗ್ಲಾಸ್ಗೋದ ಜನ ಅವನನ್ನು ಮೆಚ್ಚಿ ಕೂಗಿದ್ದರು ಎಂಬುದೂ ಅಷ್ಟೇ ನಿಜ. ಸಲೀಮ್ ಮನೆಯ ನೆನಪು ತಾಳಲಾರದೆ ಹಿಂದಿರುಗಿದ. ಅವನಿಗೆ ಚಪ್ಪಾಳೆ ಹೊಡೆದ ಅದೇ ಊರಿನಲ್ಲಿ ನೆರೆಯ ಬೀದಿಯ ಕ್ರೈಸ್ತನನ್ನು ಸಹಿಸುವುದು ಕಷ್ಟವಾಗಿತ್ತು. ದೂರದವನನ್ನು ಮೆಚ್ಚುವುದು ಸುಲಭ. ಇದು ನಮ್ಮ ಧರ್ಮಕೇಂದ್ರಗಳಿಗೂ ಅಪರಿಚಿತವಾದ ಸಂಗತಿಯೇನಲ್ಲ.

ಅಂದರೆ ಯಾವ ಕಡೆ ಎಂಬುದಕ್ಕಿಂತ ಎದುರಿನ ಕಡೆಯನ್ನು ಹೇಗೆ ನೋಡುತ್ತೇವೆ ಎಂಬಲ್ಲಿ ನೀತಿಯ ಪ್ರಶ್ನೆ ಇದೆ. ಇದಕ್ಕೆ ಮತ್ತೆ ದೋಹಾಕ್ಕೇ ಬರೋಣ. ಈ ಸಲ 2016ಕ್ಕೆ.

ಆ ವರ್ಷ ಬೆಂಗಳೂರು ಎಫ್.ಸಿ. ಎಂಬ ನಮ್ಮ ತಂಡ, ಹುಟ್ಟಿ ಮೂರೇ ವರ್ಷವಾಗಿತ್ತು, ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಮಲೇಷಿಯಾದ ಜೋಹೋರ್ ತಂಡವನ್ನು 3-1ರಿಂದ ಸೋಲಿಸಿ ಎ.ಎಫ್.ಸಿ. ಕಪ್ಪಿನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಅಂದು ಎರಡು ಗೋಲು ಹೊಡೆದ ಸುನಿಲ್ ಛೇತ್ರಿ ಸಿಕಂದರಾಬಾದಿನಲ್ಲಿ ಹುಟ್ಟಿದವರು, ನೇಪಾಳಿ ಮೂಲದ ಸೈನಿಕ ಮನೆತನದವರು. ಕಂಠೀರವದಲ್ಲಿ ಕೂಗುವ ಯಾವ ಕನ್ನಡಿಗನೂ ಅವರನ್ನು “ಯಾ ಕಡಿಯವ್ರು?” ಎಂದು ಕೇಳಿದ್ದನ್ನು ನಾವು ಕೇಳಿಲ್ಲ. ಫೈನಲ್ ನವೆಂಬರ್ 5ರಂದು ದೋಹಾದ ಸುಹೇಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ನಡೆಯಿತು. ಕತಾರಿನಲ್ಲಿ ದುಡಿಯುವ ಭಾರತೀಯರು ಬಂದು ಸಾಲು ತುಂಬಿದರು. ಪರದೇಶದಲ್ಲಿದ್ದವರಿಗೆ ತಮ್ಮ ಊರಿನ ತಂಡವೇ ಮನೆಬಾಗಿಲಿಗೆ ಬಂದಂತಾಗಿತ್ತು.

ಎದುರಿಗಿದ್ದದ್ದು ಇರಾಕಿನ ವಾಯುಪಡೆಯ ಕ್ಲಬ್ಬು, 1931ರಲ್ಲಿ ಹುಟ್ಟಿದ್ದು. ಭದ್ರತೆಯ ಕಾರಣಕ್ಕೆ ಇರಾಕಿನಲ್ಲಿ ಇಂಥ ಪಂದ್ಯ ನಡೆಸುವಂತಿರಲಿಲ್ಲ. ಅವರ ಮನೆಯಂಗಳವೆಂದು ಲೆಕ್ಕಕ್ಕೆ ಹಿಡಿದದ್ದು ದೋಹಾವನ್ನೇ. ಅಕ್ಟೋಬರ್ 17ರಂದು ಮೊಸುಲ್ ನಗರವನ್ನು ಬಿಡಿಸಿಕೊಳ್ಳುವ ಯುದ್ಧ ಶುರುವಾಗಿತ್ತು, ಪಂದ್ಯದ ದಿನವೂ ಅದು ನಡೆಯುತ್ತಿತ್ತು. ಮೊಸುಲ್ ಮತ್ತು ಅದರ ಸುತ್ತಲ ನಿನೆವೆ ಬಯಲು ಎಂದರೆ ನಮ್ಮ ಅತ್ಯಂತ ಹಳೆಯ ಕ್ರೈಸ್ತ ಸಮುದಾಯಗಳು 2014ರಲ್ಲಿ ಮನೆ ಬಿಟ್ಟು ಓಡಿದ ನೆಲ. ಹೀಗೆ ಆ ರಾತ್ರಿ ಮೈದಾನದಲ್ಲಿ ಇದ್ದದ್ದು ಪರದೇಶದಲ್ಲಿ ದುಡಿಯುವವರ ತಂಡವೊಂದು, ಸ್ವದೇಶದಲ್ಲಿ ಆಡಲು ನೆಲವಿಲ್ಲದವರ ತಂಡವೊಂದು.

ಎರಡನೆಯ ಅರ್ಧದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಇರಾಕಿನವರು ಗೆದ್ದರು. ನಮಗೆ ನೋವಾಯಿತು. ಆಗ ಒಬ್ಬರು ಕೇಳಿದ ಪ್ರಶ್ನೆ ಇಂದಿಗೂ ನಮ್ಮ ತಲೆಯಲ್ಲಿದೆ: ಅಷ್ಟು ಕಷ್ಟದಲ್ಲಿದ್ದವರ ವಿರುದ್ಧ ನಾವು ಗೆಲ್ಲಬೇಕೆಂದು ಬಯಸಿದ್ದು ಸರಿಯೇ? ಕಪ್ಪು ಅವರಿಗೇ ಸಿಗಲಿ ಎಂದು ಒಳಗೊಳಗೆ ಅಂದುಕೊಳ್ಳುವುದು ಕ್ರೈಸ್ತ ಮನಸ್ಸಲ್ಲವೇ?

ನಮಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಸೀಮೆಯಲ್ಲಿ ನೂರಾ ಕುಸ್ತಿ ಎಂಬ ಮಾತಿದೆ: ಇಬ್ಬರೂ ಮೊದಲೇ ಮಾತಾಡಿಕೊಂಡು ಒಬ್ಬ ಬೀಳುವ ಕುಸ್ತಿ. ಜನ ಅದನ್ನು ಬೇಗ ಕಂಡುಹಿಡಿಯುತ್ತಾರೆ, ಕಂಡುಹಿಡಿದರೆ ಇಬ್ಬರನ್ನೂ ಓಡಿಸುತ್ತಾರೆ. ಮೋಸ ಎಂಬುದೊಂದೇ ಅದಕ್ಕೆ ಕಾರಣವಲ್ಲ. ಎದುರಿನವನ ಮೈಗೆ ಕಣದ ಮಣ್ಣು ಹಚ್ಚಿ ಹಿಡಿತ ಹಾಕುವಾಗ ನೀನು ನನ್ನ ಪೂರ್ತಿ ಬಲಕ್ಕೆ ತಕ್ಕವನು ಎಂದು ಒಪ್ಪಿಕೊಂಡ ಹಾಗೆ. ಕರುಣೆಯಿಂದ ಸೋಲುವುದು ಅವನನ್ನು ಕೆಳಗೆ ಇಟ್ಟಂತೆ. ಇರಾಕಿನ ಆ ಆಟಗಾರರು ಭಿಕ್ಷೆಗೆ ಬಂದಿರಲಿಲ್ಲ. ಮುಂದಿನ ಎರಡು ವರ್ಷವೂ ಅದೇ ಕಪ್ಪನ್ನು ಗೆದ್ದರು, 2018ರಲ್ಲಿ ಗೆದ್ದದ್ದು ತಮ್ಮದೇ ದೇಶದ ಬಸ್ರಾದಲ್ಲಿ. ಹಾಗಾಗಿ ತೊಂಬತ್ತು ನಿಮಿಷ ನಾವು ಬೆಂಗಳೂರಿಗೆ ಕೂಗಿದ್ದು ಸರಿಯೇ. ಕರುಣೆ ಇರಬೇಕಾದ ಜಾಗ ಬೇರೆ: ಎದುರಿನವರ ಮನೆಯ ಸುದ್ದಿಯನ್ನು ತಿಳಿದುಕೊಳ್ಳುವುದರಲ್ಲಿ, ಮೊಸುಲಿನ ಹೆಸರು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಬಂದಾಗ ಗಡಿಯಾರ ನೋಡದೆ ಇರುವುದರಲ್ಲಿ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಟ್ಟರೆ ಈ ಬರಹ ಆತಿಥೇಯರಿಗೆ ತೀರ ಅನುಕೂಲವಾದೀತು. ಪರದೇಶಿ ಎಂಬ ಪದಕ್ಕೆ ನಮ್ಮ ಕಡೆ ಬೇರೆ ದೇಶದವನು ಎಂಬುದಕ್ಕಿಂತ ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬ ಅರ್ಥವೇ ಹೆಚ್ಚು ಬಳಕೆ. ಕತಾರಿನ ವಿಶ್ವಕಪ್ ಕ್ರೀಡಾಂಗಣಗಳನ್ನು ಕಟ್ಟಿದವರಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶಗಳ ಕೂಲಿಗಳೇ ಹೆಚ್ಚು. ಅವರ ಧ್ವನಿಗೆ ಕ್ರೀಡಾಂಗಣದಲ್ಲಿ ಸ್ವಾಗತವಿತ್ತು, ಬೇಡಿಕೆಯೂ ಇತ್ತು. ಕೆಲಸದ ಪರವಾನಗಿ ಮುಗಿದ ಮೇಲೆ ಅವರು ಆ ದೇಶ ಬಿಡಬೇಕು. ಅಲ್ಲೇ ಹುಟ್ಟಿದ ಅವರ ಮಕ್ಕಳೂ ಪ್ರಜೆಗಳಾಗುವುದಿಲ್ಲ. ಒಬ್ಬನಿಗೆ ನಮ್ಮ ಕಡೆ ಕೂಗಲು ಬಿಡುವುದಕ್ಕೂ ನಮ್ಮ ಪಂಕ್ತಿಯಲ್ಲಿ ಎಲೆ ಹಾಕುವುದಕ್ಕೂ ಬಹಳ ಅಂತರವಿದೆ. ದೋಹಾದಲ್ಲಿ 2008ರಲ್ಲಿ ತೆರೆದ ಜಪಮಾಲೆ ಮಾತೆಯ ದೇವಾಲಯದಲ್ಲಿ ಹಲವು ಭಾಷೆಗಳಲ್ಲಿ ಬಲಿಪೂಜೆ ನಡೆಯುತ್ತದೆ. ಅಲ್ಲಿ ಮೊಣಕಾಲೂರುವವರೆಲ್ಲ ಪರದೇಶಿಗಳೇ, ಆದ್ದರಿಂದ ಅಲ್ಲಿ ಯಾರೂ ಆತಿಥೇಯರಲ್ಲ. ನಮ್ಮ ಸ್ಥಿತಿ ಹಾಗಿಲ್ಲ. ಒಂದು ಕಡೆ ನಾವು ಅತಿಥಿಗಳು, ಇನ್ನೊಂದು ಕಡೆ ಆತಿಥೇಯರು.

ದೀಪಾವಳಿ ಮುಗಿಯುತ್ತಲೇ ಮರಾಠವಾಡದ ಊರುಗಳಿಂದ ಗಂಡ ಹೆಂಡತಿ ಜೋಡಿಯಾಗಿ, ಮಕ್ಕಳನ್ನು ಕಟ್ಟಿಕೊಂಡು, ಕಬ್ಬು ಕಡಿಯಲು ಕೊಲ್ಲಾಪುರ, ಸಾಂಗಲಿ, ಬೆಳಗಾವಿಯ ಕಾರ್ಖಾನೆಗಳ ಕಡೆ ಹೋಗುತ್ತಾರೆ. ಹೋದ ಊರಿನಲ್ಲಿ ಜಾತ್ರೆ ಬಂದರೆ ಗುಡಿಸಲಿನಿಂದ ಎದ್ದು ಬಂದು ಕುಸ್ತಿ ನೋಡುತ್ತಾರೆ, ಆ ಊರಿನ ಪೈಲವಾನನಿಗೇ ಸಿಳ್ಳೆ ಹಾಕುತ್ತಾರೆ. ಯಾರೂ ಬೇಡ ಎನ್ನುವುದಿಲ್ಲ. ಅವರ ಮಕ್ಕಳು ಆ ಊರಿನ ಶಾಲೆಯ ಬಾಗಿಲಲ್ಲಿ ನಿಂತರೆ ಮಾತ್ರ ಭಾಷೆಯ ಪ್ರಶ್ನೆ ಬರುತ್ತದೆ. ಇದು ಕತಾರಿನ ಕಥೆಯಷ್ಟು ದೊಡ್ಡದಲ್ಲ, ಆದರೆ ನಮ್ಮ ಕೈಗೆ ಸಿಗುವಷ್ಟು ಹತ್ತಿರದ್ದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಸುತ್ತಿನ ಭೂಮಿ ನಡುಗಿ ಸಾವಿರಾರು ಜನ ಕಲ್ಲುಮಣ್ಣಿನ ಮನೆಗಳಡಿ ಸತ್ತಾಗ, ಎಲ್ಲೆಲ್ಲಿಂದಲೋ ಬಂದವರು ಮೊದಲು ಕಲ್ಲು ಎತ್ತಿದರು. ಆ ದಿನಗಳಲ್ಲಿ ನಮ್ಮ ಬಾಯಲ್ಲೂ ಯಾವ ಕಡೆ ಎಂಬ ಪ್ರಶ್ನೆ ಇರಲಿಲ್ಲ. ಬಂಧಿಗಳಾಗಿ ಬಾಬಿಲೋನಿಗೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿ ಆ ಪರನಗರದ ಒಳಿತಿಗಾಗಿಯೂ ಪ್ರಾರ್ಥಿಸಿ, ಅಲ್ಲೇ ತೋಟ ಹಾಕಿ ಎಂದು ಹೇಳಿಸಿದ ದೇವರು ಜೆರುಸಲೇಮನ್ನು ಮರೆಯಿರಿ ಎಂದು ಹೇಳಲಿಲ್ಲ.

ಈಗ ನಮ್ಮ ಅಂಗಳದ ಮಾತು. ಈ ವರ್ಷದ ಹಬ್ಬದ ಆಟೋಟಗಳಿಗೆ ಭಾಷೆಗೊಂದು ತಂಡ ಮಾಡೋಣ ಎಂಬ ಸೂಚನೆ ಬಂದಿದೆ: ಮರಾಠಿ, ಕನ್ನಡ, ಕೊಂಕಣಿ, ತಮಿಳು. ಹೇಳಿದವರ ಮನಸ್ಸು ಒಳ್ಳೆಯದೇ, ಹುರುಪು ಬರಲಿ ಎಂಬುದು ಉದ್ದೇಶ. ನಮಗೆ ಇದು ಬೇಡವೆನಿಸುತ್ತದೆ. ನಿಲಂಗಾ ಕಡೆಯಿಂದ ಬಂದ ಒಂದು ಮನೆಯಲ್ಲಿ ಅಜ್ಜಿಯದು ಕನ್ನಡ, ತಾಯಿಯದು ಮರಾಠಿ, ಹುಡುಗ ಕನ್ನಡ ಗಾನವೃಂದದಲ್ಲಿ ಹಾಡುತ್ತಾನೆ, ಮರಾಠಿ ಧರ್ಮೋಪದೇಶ ತರಗತಿಗೆ ಹೋಗುತ್ತಾನೆ. ಅವನನ್ನು ಮೈದಾನದ ಅಂಚಿನಲ್ಲಿ ನಿಲ್ಲಿಸಿ ನೀನು ಯಾವ ಕಡೆ ಎಂದು ಕೇಳಬೇಕೇ? ಕೇಳಿದರೆ ಅವನು ಒಂದನ್ನು ಹೇಳುತ್ತಾನೆ, ಮಕ್ಕಳು ಹೇಳಿಬಿಡುತ್ತಾರೆ. ಹೇಳದೆ ಬಿಟ್ಟದ್ದು ಮನೆಯಲ್ಲಿ ಅಜ್ಜಿಗೋ ತಾಯಿಗೋ ತಾಗುತ್ತದೆ.

ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಇದಕ್ಕೆ ಬೇರೆ ಮಾತು ಹೇಳಿದರು. “ವರ್ಷಕ್ಕೊಂದು ದಿನ ಆದರೂ ಮೈಕಿನ್ಯಾಗ ಕನ್ನಡ ಅಂತ ಹೆಸರು ಕೇಳ್ತದ. ಅದೂ ಬ್ಯಾಡಂದ್ರ ನಾವು ಇದ್ದೀವಿ ಅಂತ ಯಾರಿಗೆ ಗೊತ್ತಾಗಬೇಕು?” ಇದಕ್ಕೆ ತಟ್ಟನೆ ಕೊಡುವ ಉತ್ತರ ನಮ್ಮಲ್ಲಿ ಇರಲಿಲ್ಲ. ಸಣ್ಣ ಸಮುದಾಯಕ್ಕೆ ಹೆಸರು ಕೇಳಿಸುವುದು ಸಣ್ಣ ಸಂಗತಿಯಲ್ಲ. ಯೋಚಿಸಿ ಹೇಳುವುದಾದರೆ, ಮೈಕಿನಲ್ಲಿ ಕನ್ನಡ ಎಂಬ ಹೆಸರು ಬರುವುದಕ್ಕಿಂತ ಮೈಕಿನಲ್ಲಿ ಕನ್ನಡವೇ ಬರಲಿ. ತಂಡಗಳನ್ನು ಬೀದಿವಾರು ಮಾಡಿ, ಆಟದ ವಿವರಣೆಯನ್ನು ಒಂದು ಅರ್ಧ ಮರಾಠಿಯಲ್ಲಿ, ಇನ್ನೊಂದು ಅರ್ಧ ಕನ್ನಡದಲ್ಲಿ ಹೇಳಿಸೋಣ. ಕೊಂಕಣಿ, ತಮಿಳಿನವರಿಗೂ ಅವರವರ ಪಂದ್ಯದಲ್ಲಿ ಪಾಲು ಇರಲಿ. ಆ ಹಿರಿಯರು ಇದನ್ನು ಪೂರ್ತಿ ಒಪ್ಪಿಲ್ಲ, ನೋಡೋಣ ಎಂದಿದ್ದಾರೆ.

ಇದಕ್ಕೆ ಎರಡೂ ಭಾಷೆಯಲ್ಲಿ ತಡೆಯಿಲ್ಲದೆ ಮೈಕು ಹಿಡಿಯಬಲ್ಲ ಇಬ್ಬರು ಬೇಕು. ಉಮರಗಾ, ಉದಗೀರ ಕಡೆಯ ನಮ್ಮ ಯುವಕ ಯುವತಿಯರಿಗೆ ಇದು ಹೊಸದಲ್ಲ, ಸಂತೆಯಲ್ಲಿ ದಿನವೂ ಮಾಡುವ ಕೆಲಸ. ಮುಂದಿನ ಭಾನುವಾರದ ಕನ್ನಡ ಬಲಿಪೂಜೆಯ ನಂತರ ಹೆಸರು ಬರೆಸಬಹುದು.